ಕೆರೆಗೆ ಹರಿದ ಸಂಸ್ಕರಿತ ಜಲ: ಆರೋಗ್ಯದ ಅಪಾಯವನ್ನು ಅಳೆಯುವ ಬಗೆ

ಮಳೆ ಕೈಕೊಟ್ಟು, ಸಾವಿರ ಅಡಿಗೂ ಮೀರಿ ಕೊರೆಯಿಸಿದ ಕೊಳವೆ ಬಾವಿಗಳೂ ಬತ್ತಿ, ದಿಕ್ಕುಗಾಣದೆ ಕುಳಿತಿದ್ದ ಕೋಲಾರ ಸೀಮೆಯ ರೈತರ ಪಾಲಿಗೆ, 2018ನೆಯ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಜಲವು ಲಕ್ಷ್ಮೀಸಾಗರದ ಕೆರೆಗೆ ಹರಿದುಬಂದುದು ಸಾಮಾನ್ಯ ಸಂಗತಿಯಲ್ಲ. ದಿನವೊಂದಕ್ಕೆ 44 ಕೋಟಿ ಲೀಟರುಗಳವರೆಗೆ ನೀರನ್ನು ನೂರಕ್ಕೂ ಮೀರಿದ ಕೆರೆಗಳಿಗೆ ತುಂಬಿ ಅಂತರ್ಜಲವನ್ನು ಏರಿಸುವುದು ಆ ಯೋಜನೆಯ ಉದ್ದೇಶ. ಮರುತಿಂಗಳೇ ಕೆರೆಯಲ್ಲಿ ನೊರೆಯೆದ್ದು ಜನರು ಕಳವಳಗೊಂಡರು. ಆದರೆ ನೊರೆ ಕಂಡೊಡನೆ ಬೆಳೆಯೆಲ್ಲ ವಿಷವಾಯಿತೆಂದು ಬೆದರುವುದೂ, ನೊರೆ ಅಡಗಿದೊಡನೆ ಅಪಾಯ ತೊಲಗಿತೆಂದು ನಂಬುವುದೂ ಸಮನಾದ ತಪ್ಪುಗಳೇ. ರೋಗವನ್ನು ತರುವ ಕ್ರಿಮಿ ತಿಳಿನೀರಿನಲ್ಲಿಯೂ ಇರಬಲ್ಲುದು.

ಕೊಳಚೆ ನೀರಿನ ದ್ವಿತೀಯ ಹಂತದ ಸಂಸ್ಕರಣವೆಂದರೆ, ಗಾಳಿಯೂಡಿದ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳು ಕಲ್ಮಷವನ್ನು ತಿಂದು ಬೆಳೆದು, ಕೊನೆಗೆ ಕೆಸರಾಗಿ ತಳಕ್ಕಿಳಿಯುವ ಕ್ರಿಯೆ. ಇದರಿಂದ ದುರ್ವಾಸನೆಯಡಗಿ ನೀರು ತಿಳಿಯಾಗುವುದು ದಿಟವಾದರೂ ರೋಗಾಣುಗಳೆಲ್ಲವೂ ನಾಶವಾಗವು. ಬಳಿಕ ಬೆರೆಸುವ ಕ್ಲೋರಿನ್ ಬಹುಪಾಲು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆಯಾದರೂ ದುಂಡುಹುಳುವಿನ ಮೊಟ್ಟೆಯ ಗಟ್ಟಿ ಕವಚವನ್ನು ಭೇದಿಸದು. ತೇವದ ಮಣ್ಣಿನಲ್ಲಿ ಆ ಮೊಟ್ಟೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕಾರ್ಖಾನೆಗಳ ನೀರು ಬೆರೆತಲ್ಲಿ ಕ್ಯಾಡ್ಮಿಯಂ, ಸೀಸಗಳಂತಹ ಭಾರಲೋಹಗಳ ಶಂಕೆಯೂ ಉಂಟು. ಇವು ಕುದಿಸಿದರೂ ಹೋಗವು, ಸೊಪ್ಪಿನ ಎಲೆಗಳಲ್ಲಿ ಕ್ರಮೇಣ ಸಂಚಯವಾಗುತ್ತವೆ.

ಆದುದರಿಂದ ಅಪಾಯವನ್ನು ಅಳೆಯಹೊರಟವನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ನೀರಿನಲ್ಲಿ ಏನಿದೆ? ಅದು ಯಾವ ದಾರಿಯಿಂದ ಯಾರ ದೇಹವನ್ನು ಸೇರುತ್ತದೆ? ಎಷ್ಟು ಪ್ರಮಾಣ ಸೇರಿದರೆ ಕೇಡು? ಆ ಪ್ರಮಾಣ ನಮ್ಮ ಹೊಲದಲ್ಲಿ ನಿಜವಾಗಿಯೂ ಮುಟ್ಟುವುದೇ? ಮೊದಲನೆಯದಕ್ಕೂ ಮೂರನೆಯದಕ್ಕೂ ಪ್ರಯೋಗಾಲಯವೂ ಶಾಸ್ತ್ರಜ್ಞರೂ ಬೇಕು. ಎರಡನೆಯದರ ಉತ್ತರ ಮಾತ್ರ ಬೇಸಾಯಗಾರನ ಕಣ್ಣೆದುರಿಗೇ ಇದೆ.

ಕೊತ್ತಂಬರಿಯ ಮಡಿಯನ್ನೇ ನೋಡಿ. ಸಂಜೆ ಬರಿಗಾಲಿನಲ್ಲಿ ಮಡಿಗಿಳಿದು ಬೇರುಸಹಿತ ಕಿತ್ತು, ಕಟ್ಟು ಕಟ್ಟಿ, ಬೇರಿನ ಮಣ್ಣು ಹೋಗಲೆಂದೂ ಬೆಳಗಿನ ಮಂಡಿಗೆ ಸೊಪ್ಪು ಬಾಡದಿರಲೆಂದೂ ಕಾಲುವೆಯಲ್ಲಿಯೇ ಅದ್ದಿ ತೆಗೆಯುವುದು ವಾಡಿಕೆ. ಬಿಸಿಲಿಗೆ ಸಾಯುತ್ತಿದ್ದ ಕ್ರಿಮಿಗಳಿಗೆ ಬದಲಾಗಿ ಹೊಸ ಕ್ರಿಮಿಗಳು ಆ ಒಂದು ಮುಳುಗಿನಲ್ಲಿ ಎಲೆಯನ್ನು ಸೇರುತ್ತವೆ. ಆ ಸೊಪ್ಪನ್ನು ಉಣ್ಣುವವರು ಹಸಿಯಾಗಿಯೇ ಉಣ್ಣುತ್ತಾರೆ. ಕಿತ್ತವರ ಕಾಲಿಗೆ ಕೊಕ್ಕೆಹುಳು, ಮಣ್ಣಿನಲ್ಲಾಡುವ ಮಕ್ಕಳ ಬಾಯಿಗೆ ದುಂಡುಹುಳುವಿನ ಮೊಟ್ಟೆ, ಹೀಗೆ ಅಪಾಯವು ಗಿರಾಕಿಗಿಂತ ಮೊದಲು ಬೆಳೆದವರ ಮನೆಯನ್ನೇ ಹೊಗುತ್ತದೆ.

ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ನೀರಿನಲ್ಲಿ 100 ಮಿಲಿಲೀಟರಿಗೆ 1000ಕ್ಕಿಂತ ಹೆಚ್ಚು ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಗಳೂ, ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳುವಿನ ಮೊಟ್ಟೆಯೂ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ವಿಧಿಸಿತ್ತು. 2006ರ ಮಾರ್ಗಸೂಚಿಯಾದರೋ ಸಂಸ್ಕರಣ ಘಟಕವೊಂದನ್ನೇ ನೆಚ್ಚದೆ, ಹೊಲದಿಂದ ಅಡುಗೆಮನೆಯವರೆಗೆ ಸಾಲುಸಾಲಾಗಿ ತಡೆಗಳನ್ನು ಒಡ್ಡಬೇಕೆನ್ನುತ್ತದೆ. ಅದರ ಲೆಕ್ಕದಂತೆ, ನೆಲಮಟ್ಟದಲ್ಲಿ ಬೆಳೆಯುವ ಬೆಳೆಗೆ ಹನಿ ನೀರಾವರಿಯಿಂದ ರೋಗಾಣುಗಳು ನೂರರಲ್ಲೊಂದು ಪಾಲಿಗೆ ಇಳಿಯುತ್ತವೆ. ಶುದ್ಧ ನೀರಿನಲ್ಲಿ ತೊಳೆದರೆ ಉಳಿದುದು ಹತ್ತರಲ್ಲೊಂದು ಪಾಲಾಗುತ್ತದೆ. ಕಟಾವಿಗೆ ಮುನ್ನ ಎರಡು ದಿನ ನೀರು ನಿಲ್ಲಿಸಿದರೆ ಕಡಮೆಯೆಂದರೂ ಮತ್ತೆ ಹತ್ತರಲ್ಲೊಂದು. ಒಟ್ಟಿನಲ್ಲಿ ಹತ್ತು ಸಾವಿರದಲ್ಲೊಂದು ಪಾಲಷ್ಟೇ ಉಳಿದಂತಾಯಿತು.

ಕೆರೆಗೆ ನೇರವಾಗಿ ಪಂಪು ಹಾಕಿ ನೀರೆತ್ತುವುದು ಯೋಜನೆಯ ಉದ್ದೇಶಕ್ಕೇ ವಿರುದ್ಧವಾದುದು. ಮಣ್ಣಿನಲ್ಲಿ ಸೋಸಿಹೋಗುವ ತಡೆಯೊಂದು ಅದರಿಂದ ತಪ್ಪಿಹೋಗುತ್ತದೆ. ಕೆರೆಯಂಗಳಕ್ಕೆ ಹತ್ತಿರದ ಜಮೀನಿನಲ್ಲಿ ಹಸಿಸೊಪ್ಪಿಗಿಂತ ಹಿಪ್ಪುನೇರಳೆ, ಹೂವು, ಬೇಯಿಸಿ ಉಣ್ಣುವ ಧಾನ್ಯಗಳು ಲೇಸು. ಕೆಲಸಕ್ಕಿಳಿಯುವವರು ಗಮ್‌ಬೂಟು ತೊಡಲಿ, ಉಣ್ಣುವ ಮುನ್ನ ಸಾಬೂನಿನಿಂದ ಕೈ ತೊಳೆಯಲಿ, ಮನೆಮಂದಿಯೆಲ್ಲರೂ ವೈದ್ಯರ ಸಲಹೆಯಂತೆ ಜಂತುಹುಳುವಿನ ಮಾತ್ರೆ ನುಂಗಲಿ. ಮಳೆಗಾಲಕ್ಕೆ ಮುನ್ನವೂ ಅನಂತರವೂ ಕೊಳವೆ ಬಾವಿಯ ನೀರನ್ನು ಪರೀಕ್ಷೆಗೆ ಕೊಡುವಾಗ ಕೋಲಿಫಾರ್ಮ್, ನೈಟ್ರೇಟ್, ಲವಣಾಂಶ, ಭಾರಲೋಹ ಈ ನಾಲ್ಕನ್ನೂ ಹೆಸರಿಸಿ ಕೇಳಿರಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಬೆಳೆಗೆ ಒದಗಿದರೂ ಕುಡಿಯಲು, ವಿಶೇಷವಾಗಿ ಹಸುಗೂಸಿನ ಹಾಲಿನ ಪುಡಿ ಕಲಸಲು, ಎಂದಿಗೂ ಸಲ್ಲದು.