ಗ್ರೀನಿಚ್ ಕಾಲಮಾನ

ಭೂಗೋಳಪಾಠಕ್ಕಾಗಿ ತರಗತಿಯ ಗೋಡೆಗೆ ತೂಗಹಾಕುವ ಭೂಪಟದಲ್ಲಿ, ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಅನೇಕ ರೇಖೆಗಳೊಳಗೆ ಒಂದಕ್ಕೆ ಮಾತ್ರ ಸೊನ್ನೆಯ ಅಂಕವಿರುವದನ್ನು ನಮ್ಮ ವಾಚಕರೆಲ್ಲರೂ ಕಂಡಿರುವರಷ್ಟೆ. ಭೂಮಧ್ಯರೇಖೆಯ ಸ್ಥಾನವನ್ನು ಸೃಷ್ಟಿಯೇ ಗೊತ್ತುಮಾಡಿದೆ. ಅದು ಎರಡು ಧ್ರುವಗಳಿಗೂ ಸಮದೂರದಲ್ಲಿರುವದು. ಆದರೆ ಸೊನ್ನೆಯ ರೇಖಾಂಶವು ಲಂಡನ್ನಿನ ಬಳಿಯ ಗ್ರೀನಿಚ್ ಎಂಬ ಊರಿನ ಮೇಲೆಯೇ ಏಕೆ ಹಾಯಬೇಕು? ಮಂಗಳೂರಿನ ಮೇಲಾಗಲಿ ಯೆರೂಸಲೇಮಿನ ಮೇಲಾಗಲಿ ಏಕೆ ಹಾಯಬಾರದು? ಸೃಷ್ಟಿಯಲ್ಲಿ ಇದಕ್ಕೆ ಯಾವ ಕಾರಣವೂ ಇಲ್ಲ. ಕಾರಣವನ್ನು ಮನುಷ್ಯರ ಚರಿತ್ರೆಯಲ್ಲಿಯೇ ಹುಡುಕಬೇಕು.

ಮೊದಲು ಲೆಕ್ಕವನ್ನು ಜ್ಞಾಪಿಸಿಕೊಳ್ಳೋಣ. ಭೂಮಿಯು ೨೪ ಘಂಟೆಗಳಲ್ಲಿ ೩೬೦ ಅಂಶಗಳಷ್ಟು ತಿರುಗುವದು. ಅಂದರೆ ಘಂಟೆಗೆ ೧೫ ಅಂಶ, ಅಂಶಕ್ಕೆ ೪ ನಿಮಿಷ. ನಮ್ಮ ಧಾರವಾಡವು ೭೫ನೆಯ ಪೂರ್ವರೇಖಾಂಶದ ಮೇಲೆ ಇರುವದರಿಂದ, ಗ್ರೀನಿಚ್ಚಿನಲ್ಲಿ ಮಧ್ಯಾಹ್ನವಾದಾಗ ಅಲ್ಲಿ ಸೂರ್ಯನ ಗತಿಗನುಸಾರವಾಗಿ ಸಾಯಂಕಾಲ ೫ ಘಂಟೆ. ಇದನ್ನೇ ತಿರುಗಿಸಿ ನೋಡಿರಿ. ನಡುಗಡಲಿನಲ್ಲಿರುವ ನಾವಿಕನು ಸೂರ್ಯನು ಅತ್ಯುನ್ನತ ಸ್ಥಾನಕ್ಕೆ ಬಂದ ಕ್ಷಣವನ್ನು ಗುರುತಿಸುತ್ತಾನೆ. ಅದೇ ಕ್ಷಣದಲ್ಲಿ ಗ್ರೀನಿಚ್ಚಿನ ಹೊತ್ತನ್ನು ತೋರಿಸುವ ಗಡಿಯಾರದಲ್ಲಿ ೩ ಘಂಟೆಯಾಗಿದ್ದರೆ, ತಾನು ಗ್ರೀನಿಚ್ಚಿಗೆ ೪೫ ಅಂಶ ಪಶ್ಚಿಮಕ್ಕೆ ಇದ್ದೇನೆಂದು ಅವನಿಗೆ ತಿಳಿಯುವದು. ಅಕ್ಷಾಂಶವನ್ನು ಧ್ರುವನಕ್ಷತ್ರದಿಂದ ಅಳೆಯಬಹುದು. ರೇಖಾಂಶಕ್ಕಾದರೋ ಬಿಟ್ಟುಬಂದ ಊರಿನ ಹೊತ್ತು ಬೇಕು.

ಈ ವಿದ್ಯೆಯಿಲ್ಲದೆ ಎಷ್ಟೋ ಜನರು ಸತ್ತರು. ೧೭೦೭ನೆಯ ಇಸವಿಯಲ್ಲಿ ನೌಕಾಧಿಪತಿ ಶೊವೆಲನ ಹಡಗುಗಳು ತಾವಿರುವ ಸ್ಥಳವನ್ನು ತಪ್ಪಾಗಿ ಎಣಿಸಿ, ರಾತ್ರಿಯಲ್ಲಿ ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದವು. ನಾಲ್ಕು ಹಡಗುಗಳು ಮುಳುಗಿ ಸಾವಿರಕ್ಕೂ ಹೆಚ್ಚು ಮಂದಿ ನೀರುಪಾಲಾದರು. ರೇಖಾಂಶದ ಕೆಲಸಕ್ಕಾಗಿಯೇ ಎರಡನೆಯ ಚಾರ್ಲ್ಸ್ ಅರಸನು ಗ್ರೀನಿಚ್ಚಿನ ಗುಡ್ಡದ ಮೇಲೆ ೧೬೭೫ರಲ್ಲಿ ವೇಧಶಾಲೆಯನ್ನು ಸ್ಥಾಪಿಸಿದ್ದನು. ಆದರೆ ಅಷ್ಟರೊಳಗೆ ಕೆಲಸವು ಕೈಗೂಡಿರಲಿಲ್ಲ. ೧೭೧೪ರಲ್ಲಿ ಪಾರ್ಲಿಮೆಂಟು, ಅರ್ಧ ಅಂಶದೊಳಗೆ ರೇಖಾಂಶವನ್ನು ಕಂಡುಹಿಡಿಯುವ ಉಪಾಯವನ್ನು ತೋರಿಸಿದವರಿಗೆ ೨೦,೦೦೦ ಪೌಂಡುಗಳ ಬಹುಮಾನವನ್ನು ಸಾರಿತು.

ಪಂಡಿತರು ಚಂದ್ರನ ಚಲನೆಯಲ್ಲಿ ಉತ್ತರವನ್ನು ಹುಡುಕುತ್ತಿರಲು, ಬಡಗಿಯ ಮಗನಾದ ಜಾನ್ ಹ್ಯಾರಿಸನ್ ಎಂಬವನು ಗಡಿಯಾರಗಳನ್ನೇ ಕಟ್ಟುತ್ತಾ ಕೂತನು. ಅವನ ನಾಲ್ಕನೆಯ ಗಡಿಯಾರವು ದೊಡ್ಡ ಜೇಬುಗಡಿಯಾರದಂತೆ ಇದ್ದಿತು. ಅವನ ಮಗ ವಿಲಿಯಮನು ಅದನ್ನು ೧೭೬೧ರಲ್ಲಿ ಜಮೈಕಾಕ್ಕೆ ಒಯ್ದನು. ಅಲೆಗಳ ಹೊಯ್ದಾಟವನ್ನೂ ಶೀತೋಷ್ಣಗಳನ್ನೂ ತಾಳಿಕೊಂಡು ಅದು ೮೧ ದಿವಸಗಳಲ್ಲಿ ತಪ್ಪಿದ್ದು ಕೇವಲ ೫ ಸೆಕೆಂಡು. ಆದರೂ ಪರೀಕ್ಷಕಮಂಡಲಿಯವರಿಗೆ ಸಮಾಧಾನವಾಗಲಿಲ್ಲ. ಅರ್ಧ ಹಣ ಕೊಟ್ಟು, ಉಳಿದದ್ದಕ್ಕೆ ಮತ್ತೆ ಮತ್ತೆ ನಿಬಂಧನೆಗಳನ್ನು ಹಾಕಿದರು. ಹ್ಯಾರಿಸನ್ನನಿಗೆ ೮೦ ವರ್ಷವಾದಾಗ, ೧೭೭೩ರಲ್ಲಿ, ಪಾರ್ಲಿಮೆಂಟೇ ೮,೭೫೦ ಪೌಂಡು ಕೊಡಿಸಿತು. ಬಹುಮಾನವೆಂಬ ಹೆಸರು ಮಾತ್ರ ಅವನಿಗೆ ಕಡೆಗೂ ದೊರೆಯಲಿಲ್ಲ. ಅವನಿಗೆ ಅನ್ಯಾಯವಾಯಿತೆಂದೇ ನಾವು ಎಣಿಸುತ್ತೇವೆ.

ಆದರೂ ಗ್ರೀನಿಚ್ಚಿಗೆ ಸೊನ್ನೆಯನ್ನು ತಂದುಕೊಟ್ಟವನು ಹ್ಯಾರಿಸನ್ ಅಲ್ಲ. ಚಂದ್ರನ ಪಕ್ಷವನ್ನು ಹಿಡಿದು ಅವನಿಗೆ ಎದುರಾಗಿದ್ದ ಅರಮನೆಯ ಜ್ಯೋತಿಷಿ ಮ್ಯಾಸ್ಕೆಲೀನ್. ಇವನು ೧೭೬೭ರಿಂದ ವರುಷ ವರುಷವೂ ಬರುವಂತೆ ಆರಂಭಿಸಿದ ನಾವಿಕ ಪಂಚಾಂಗದಲ್ಲಿ ಎಲ್ಲಾ ಲೆಕ್ಕಗಳೂ ಗ್ರೀನಿಚ್ಚಿನಿಂದಲೇ ಇದ್ದವು. ಪಂಚಾಂಗವನ್ನು ಕೊಂಡ ಪರದೇಶದ ನಾವಿಕರೂ ಅದನ್ನೇ ಅನುಸರಿಸಿದರು.

ನೆಲದ ಮೇಲೆ ಮಾತ್ರ ಊರೂರಿಗೂ ತನ್ನ ತನ್ನ ಸೂರ್ಯನೇ ಪ್ರಮಾಣ. ಬ್ರಿಸ್ಟಲ್ ಪಟ್ಟಣವು ಗ್ರೀನಿಚ್ಚಿಗಿಂತ ಸುಮಾರು ೧೦ ನಿಮಿಷ, ಆಕ್ಸ್‌ಫರ್ಡ್ ೫ ನಿಮಿಷ ಹಿಂದೆ. ಎತ್ತಿನಗಾಡಿಗೂ ಕುದುರೆಗಾಡಿಗೂ ಇದರಿಂದ ಏನು ನಷ್ಟ? ರೈಲುಗಾಡಿ ಬಂದಮೇಲೆ ಹಾಗೆ ನಡೆಯಲಿಲ್ಲ. ೧೮೪೦ರಲ್ಲಿ ಒಂದು ರೈಲ್ವೆ ಕಂಪೆನಿಯವರು ಎಲ್ಲಾ ನಿಲ್ದಾಣಗಳಲ್ಲಿ ಲಂಡನ್ನಿನ ಹೊತ್ತನ್ನೇ ಇಟ್ಟರು, ಬೇರೆಯವರು ಹಿಂಬಾಲಿಸಿದರು, ೧೮೫೨ರಿಂದ ಗ್ರೀನಿಚ್ಚಿನ ಹೊತ್ತು ತಂತಿಯ ಮೂಲಕ ಹೋಗತೊಡಗಿತು, ೧೮೮೦ರಲ್ಲಿ ಅದು ಬ್ರಿಟನ್ನಿನ ಕಾನೂನಾಯಿತು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ದೊಡ್ಡ ಘಂಟೆಯು ಇಂದಿಗೂ ರಾತ್ರಿ ೯ ಘಂಟೆ ೫ ನಿಮಿಷಕ್ಕೆ ೧೦೧ ಸಾರಿ ಬಾರಿಸುವದು. ಅದೇ ಆ ಊರಿನ ಹಳೆಯ ೯ ಘಂಟೆ.

ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಬ್ಬ ಸ್ತ್ರೀಯ ವಿಷಯವನ್ನು ಹೇಳಲೇಬೇಕು. ಗ್ರೀನಿಚ್ ವೇಧಶಾಲೆಯಲ್ಲಿ ಕೆಲಸಕ್ಕಿದ್ದ ಜಾನ್ ಹೆನ್ರಿ ಬೆಲ್ವಿಲ್ ಎಂಬವನು ೧೮೩೬ರಿಂದ ಒಂದು ಉತ್ತಮ ಗಡಿಯಾರವನ್ನು ಅಲ್ಲಿ ಸರಿಪಡಿಸಿಕೊಂಡು, ಲಂಡನ್ನಿನ ಗಡಿಯಾರದ ಅಂಗಡಿಗಳಿಗೆ ಒಯ್ದು ತೋರಿಸುತ್ತಿದ್ದನು. ಅವನು ೧೮೫೬ರಲ್ಲಿ ತೀರಿಕೊಳ್ಳಲು, ವಿಧವೆಯಾದ ಮರಿಯಳು ಅದೇ ಕೆಲಸದಿಂದ ಜೀವನವನ್ನು ಸಾಗಿಸಿದಳು. ೧೮೯೨ರಲ್ಲಿ ಅದು ಮಗಳಾದ ರೂತಳ ಕೈಗೆ ಬಂದಿತು. ಆಕೆಯು ವಾರವಾರವೂ ಗುಡ್ಡವನ್ನೇರಿ, ಗಡಿಯಾರವನ್ನು ತಾಳೆನೋಡಿಸಿಕೊಂಡು, ಕೈಚೀಲದಲ್ಲಿಟ್ಟು ಪಟ್ಟಣವನ್ನು ಸುತ್ತುವಳು. ಅಂಗಡಿಯವರು ಅದನ್ನು ನೋಡಿ ತಮ್ಮ ಗಡಿಯಾರಗಳನ್ನು ತಿದ್ದಿಕೊಂಡು ಹಣ ಕೊಡುವರು. ತಂತಿಯ ಮೂಲಕ ಹೊತ್ತನ್ನು ಮಾರುತ್ತಿದ್ದ ವ್ಯಾಪಾರಿಯೊಬ್ಬನು ೧೯೦೮ರಲ್ಲಿ, ಹೆಂಗಸೆಂಬ ಕಾರಣದಿಂದಲೇ ಆಕೆಗೆ ಇಷ್ಟು ಗಿರಾಕಿಗಳೆಂದು ಸಭೆಯಲ್ಲಿ ಹೀಯಾಳಿಸಿದನು. ಸುದ್ದಿಯು ಪತ್ರಿಕೆಗಳಲ್ಲಿ ಹಬ್ಬಿ, ಆಕೆಗೆ ಖರ್ಚಿಲ್ಲದ ಜಾಹೀರಾತಾಯಿತು. ೧೯೪೦ರ ವರೆಗೂ, ಎಂಭತ್ತು ದಾಟಿದ ಮೇಲೆಯೂ, ರೂತ್ ಬೆಲ್ವಿಲಳು ಆ ಗಡಿಯಾರವನ್ನು ಹೊತ್ತು ನಡೆದಳು.

ಇಷ್ಟರಲ್ಲಿ ಗ್ರೀನಿಚ್ ಲೋಕಕ್ಕೇ ಪ್ರಮಾಣವಾಗಿದ್ದಿತು. ೧೮೮೪ರಲ್ಲಿ ವಾಷಿಂಗ್ಟನ್ನಿನಲ್ಲಿ ೨೫ ದೇಶಗಳ ಪ್ರತಿನಿಧಿಗಳು ಸೇರಿದಾಗ, ಲೋಕದ ಹಡಗುಸಾಗಣೆಯಲ್ಲಿ ನೂರಕ್ಕೆ ೭೨ ಪಾಲು ಆಗಲೇ ಗ್ರೀನಿಚ್ಚಿನ ನಕಾಶೆಗಳನ್ನು ನಂಬಿತ್ತು. ೨೨ ದೇಶಗಳು ಒಪ್ಪಿದವು. ಫ್ರಾನ್ಸ್ ಮತ ಕೊಡಲಿಲ್ಲ. ೧೯೧೧ರಲ್ಲಿ ಅನುಸರಿಸಿದಾಗಲೂ ಗ್ರೀನಿಚ್ಚಿನ ಹೆಸರೆತ್ತದೆ, 'ಪ್ಯಾರಿಸ್ ಕಾಲಕ್ಕಿಂತ ೯ ನಿಮಿಷ ೨೧ ಸೆಕೆಂಡು ಹಿಂದಿನದು' ಎಂದು ಕಾನೂನು ಬರೆಯಿತು. ಈಗ ಲೋಕದ ಹೊತ್ತನ್ನು ಪರಮಾಣುಗಡಿಯಾರಗಳು ಅಳೆಯುತ್ತವೆ, ಹೆಸರು ಯು.ಟಿ.ಸಿ. ವಿಮಾನಗಳು ಹಾರುವದು ಅದರಂತೆಯೇ. ಭೂಮಿಯ ತಿರುಗುವಿಕೆಗೆ ಅದನ್ನು ಸರಿಗೂಡಿಸಲು ೧೯೭೨ರಿಂದ ೨೦೧೬ರೊಳಗೆ ೨೭ ಸಾರಿ ಒಂದೊಂದು ಸೆಕೆಂಡನ್ನು ಸೇರಿಸಿದ್ದುಂಟು. ಇದರ ಲೆಕ್ಕವಿಡುವ ಕಚೇರಿಯು ಇರುವದು ಪ್ಯಾರಿಸ್ಸಿನ ಬಳಿಯಲ್ಲಿ!

ನಮ್ಮ ದೇಶದಲ್ಲಿ ರೈಲುಗಳು ಮದ್ರಾಸಿನ ಹೊತ್ತಿನಂತೆ ಓಡುತ್ತಿದ್ದವು. ೧೯೦೬ನೆಯ ಜನವರಿ ೧ರಂದು, ಗ್ರೀನಿಚ್ಚಿಗಿಂತ ಐದೂವರೆ ಘಂಟೆ ಮುಂದಾದ ಭಾರತೀಯ ಕಾಲಮಾನವು ಜಾರಿಗೆ ಬಂದಿತು. ಕಲ್ಕತ್ತೆಯು ೧೯೪೮ರ ವರೆಗೂ ಮುಂಬಯಿಯು ೧೯೫೫ರ ವರೆಗೂ ತಮ್ಮ ಹೊತ್ತನ್ನು ಬಿಟ್ಟುಕೊಡಲಿಲ್ಲ. ಈ ಕಾಲಮಾನದ ರೇಖೆಯು ಪ್ರಯಾಗದ ಸಮೀಪದಲ್ಲಿ, ೮೨½ ಅಂಶದ ಮೇಲಿದೆ. ಧಾರವಾಡವು ಅದಕ್ಕೆ ೭½ ಅಂಶ ಪಶ್ಚಿಮ. ಲೆಕ್ಕಕ್ಕೆ ೩೦ ನಿಮಿಷ. ಮಂಗಳೂರಿನದೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನದು ೨೦ ನಿಮಿಷ. ವರುಷದ ಬೇರೆ ಬೇರೆ ಕಾಲದಲ್ಲಿ ಸೂರ್ಯನು ಕಾಲು ಘಂಟೆಯ ವರೆಗೂ ಹಿಂದುಮುಂದಾಗುವದುಂಟು. ಆದರೆ ಅವನ ಲೆಕ್ಕವೂ ಗಡಿಯಾರದ ಲೆಕ್ಕವೂ ಕೂಡುವ ನಾಲ್ಕು ದಿನಗಳಲ್ಲಿ ಡಿಸೆಂಬರ್ ೨೫ ಒಂದು. ಆ ದಿವಸ ದೇವಾರಾಧನೆಯಿಂದ ಮನೆಗೆ ಬಂದಮೇಲೆ ಮಕ್ಕಳು ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ಐದೈದು ನಿಮಿಷಕ್ಕೆ ಅದರ ನೆರಳಿನ ತುದಿಗೆ ಗುರುತು ಹಾಕಲಿ. ಧಾರವಾಡದಲ್ಲಿ ನೆರಳು ಎಲ್ಲಕ್ಕಿಂತ ಗಿಡ್ಡವಾಗುವದು ೧೨ ಘಂಟೆಗಲ್ಲ, ಹನ್ನೆರಡೂವರೆಗೆ.