ಕೆಎ 45ರ ರಸ್ತೆಗೆ ಯಾವ ಅಡ್ವೆಂಚರ್ ಬೈಕು?

ಅಡ್ವೆಂಚರ್ ಟೂರಿಂಗ್ ಬೈಕು ಎಂದರೆ ಎತ್ತರದ ಸೀಟು, ಉದ್ದನೆಯ ಸಸ್ಪೆನ್ಷನ್, ಸಾಮಾನ್ಯವಾಗಿ 19 ಅಥವಾ 21 ಇಂಚಿನ ಮುಂದಿನ ಚಕ್ರ ಮತ್ತು ದೂರದ ಊರಿಗೆ ಸಾಮಾನು ಹೊರುವ ಶಕ್ತಿ ಇರುವ ಗಾಡಿ. ಭಾರತದ ಮಾರುಕಟ್ಟೆಯಲ್ಲಿ ಇವು ಮೂರು ದರ್ಜೆಗಳಲ್ಲಿ ಸಿಗುತ್ತವೆ. 334 ಸಿಸಿಯ ಯೆಜ್ಡಿ ಅಡ್ವೆಂಚರ್, 399 ಸಿಸಿಯ ಕೆಟಿಎಂ 390 ಅಡ್ವೆಂಚರ್, 452 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೊದಲ ದರ್ಜೆಯವು. ಹೋಂಡಾ ಎನ್‌ಎಕ್ಸ್ 500, ಕವಾಸಾಕಿ ವರ್ಸಿಸ್ 650, ಹೋಂಡಾ ಟ್ರಾನ್ಸಾಲ್ಪ್, ಸುಜುಕಿ ವಿ-ಸ್ಟ್ರಾಮ್ 800 ಡಿಇ ನಡುವಿನವು. ಟ್ರಯಂಫ್ ಟೈಗರ್ 900, ಹೋಂಡಾ ಆಫ್ರಿಕಾ ಟ್ವಿನ್, ಡುಕಾಟಿ ಮಲ್ಟಿಸ್ಟ್ರಾಡಾ ವಿ4, ಬಿಎಂಡಬ್ಲ್ಯು ಆರ್ 1300 ಜಿಎಸ್ ಮೇಲಿನ ದರ್ಜೆಗೆ ಸೇರುತ್ತವೆ. ಬೆಲೆಯ ಅಂತರ ಅಗಾಧ. 2023ರ ನವೆಂಬರ್‌ನಲ್ಲಿ ಹೊಸ ಹಿಮಾಲಯನ್ ಬಂದಾಗ ಷೋರೂಂ ಬೆಲೆ 2.69 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. 2024ರ ಜೂನ್‌ನಲ್ಲಿ ಬಂದ ಆರ್ 1300 ಜಿಎಸ್‌ಗೆ 20.95 ಲಕ್ಷ.

ಈ ಬೈಕುಗಳ ಬಗ್ಗೆ ಬರುವ ವಿಮರ್ಶೆಗಳೆಲ್ಲ ಲಡಾಖ್‌ನ ಕಣಿವೆ, ಯುರೋಪಿನ ಘಟ್ಟಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಹುಣಸೂರಿನ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾಗಿ ಕೆಎ 45 ಫಲಕ ಹೊತ್ತ ಗಾಡಿ ಓಡುವ ದಾರಿಯೇ ಬೇರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ವರ್ಷವಿಡೀ ಸವೆಸುವ ರಸ್ತೆ ಮೂರು ಬಗೆಯದು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಒಂದು. ಊರಿಂದೂರಿಗೆ ಹೋಗುವ, ಹಂಪು–ಗುಂಡಿಗಳ ಡಾಂಬರು ರಸ್ತೆ ಇನ್ನೊಂದು. ನಾಲೆ ಏರಿ, ಹೊಗೆಸೊಪ್ಪಿನ ಹೊಲ, ಕಬಿನಿ ಹಿನ್ನೀರಿನ ಕಡೆಯ ಮಣ್ಣುದಾರಿ ಮೂರನೆಯದು. ಎಚ್.ಡಿ. ಕೋಟೆಯಿಂದ ಬಾವಲಿಯ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡನ್ನು ಹಾಯುತ್ತದೆ. ಅಲ್ಲಿ ರಾತ್ರಿ ಸಂಚಾರವಿಲ್ಲ, ಹಗಲಲ್ಲೂ ವೇಗಕ್ಕೆ ಅವಕಾಶವಿಲ್ಲ.

ವೇಗದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. 2 ಲಕ್ಷದ ಗಾಡಿಗೂ 20 ಲಕ್ಷದ ಗಾಡಿಗೂ ಅದೇ ಸರ್ವಿಸ್ ರಸ್ತೆ. ಚತುಷ್ಪಥ ಹೆದ್ದಾರಿಯಲ್ಲೂ ದ್ವಿಚಕ್ರ ವಾಹನದ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ. 40 ಅಶ್ವಶಕ್ತಿಯ ಎಂಜಿನ್ ಆ ವೇಗವನ್ನು ಇಬ್ಬರು ಸವಾರರು ಮತ್ತು ಸಾಮಾನಿನೊಂದಿಗೆ ನಿರಾಯಾಸವಾಗಿ ಹಿಡಿದಿಡುತ್ತದೆ. ಆರ್ 1300 ಜಿಎಸ್‌ನ 145 ಅಶ್ವಶಕ್ತಿಗೆ ಕೊಟ್ಟ ಹೆಚ್ಚುವರಿ ಹಣಕ್ಕೆ ಈ ಜಿಲ್ಲೆಯೊಳಗೆ ಕೆಲಸವೇ ಇಲ್ಲ.

ಹಣದ ಲೆಕ್ಕ ತೆರಿಗೆಯಿಂದಲೇ ಶುರುವಾಗಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 350 ಸಿಸಿ ಮೀರಿದವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯಿತು. ಹಳೆಯ ದರದಲ್ಲಿ ಷೋರೂಂ ಬೆಲೆ 10 ಲಕ್ಷವಿದ್ದ ಗಾಡಿ, ಕಂಪನಿ ತಾನೇ ಹೊರೆ ಹೊರದಿದ್ದರೆ, ಸುಮಾರು 10.69 ಲಕ್ಷವಾಗುತ್ತದೆ. ಇದರ ಮೇಲೆ ರಾಜ್ಯದ ಆಜೀವ ತೆರಿಗೆ ಇದೆ. ಕರ್ನಾಟಕದಲ್ಲಿ 1 ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ಅದು ಶೇ 18. ತೆರಿಗೆಯ ಮೇಲಿನ ಸೆಸ್ ಕೂಡಿದರೆ ಶೇ 20ರ ಹತ್ತಿರ ಬರುತ್ತದೆ. ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಇದನ್ನು ಹಾಕುವುದರಿಂದ ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ. 20.95 ಲಕ್ಷದ ಬೈಕಿಗೆ ಈ ಬಾಬ್ತು ಒಂದೇ 4 ಲಕ್ಷ ದಾಟುತ್ತದೆ, ಅಷ್ಟರಲ್ಲಿ ಒಂದು ಹಿಮಾಲಯನ್ ಮನೆಗೆ ಬರುತ್ತದೆ. 350 ಸಿಸಿಯ ಗೆರೆಯಿಂದ ಲಾಭವಾದದ್ದು ಯೆಜ್ಡಿ ಅಡ್ವೆಂಚರ್‌ನಂಥ ಗಾಡಿಗಳಿಗೆ. ದೂರ ಪ್ರಯಾಣ ಅಪರೂಪವಾದ, ದಿನಬಳಕೆಯೇ ಮುಖ್ಯವಾದ ಮನೆಗೆ ಅದನ್ನು ಮೊದಲು ಪರಿಗಣಿಸುವುದು ಸರಿ.

ಗಾಡಿ ನಿಲ್ಲಿಸಿದ ಕಡೆಯಲ್ಲೆಲ್ಲ ಎದುರಾಗುವ ಪ್ರಶ್ನೆ ‘ಎಷ್ಟು ಮೈಲೇಜ್ ಕೊಡುತ್ತೆ?’. ನಿಜವಾದ ಖರ್ಚು ಅಲ್ಲಿಲ್ಲ. ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ, 28 ಕಿ.ಮೀ. ಕೊಡುವ ಬೈಕಿಗೆ ಸುಮಾರು 29,000 ರೂಪಾಯಿ, 18 ಕಿ.ಮೀ. ಕೊಡುವ ಬೈಕಿಗೆ 46,000 ರೂಪಾಯಿ ತಗಲುತ್ತದೆ. ವ್ಯತ್ಯಾಸ 17,000ದ ಆಸುಪಾಸು. ಹಣ ಸದ್ದಿಲ್ಲದೆ ಸೋರುವುದು ಸವಕಳಿಯಲ್ಲಿ. ವಿಮೆಯ ನಿಯಮದ ಪ್ರಕಾರ ಗಾಡಿಯ ಘೋಷಿತ ಮೌಲ್ಯ ಮೂರು ವರ್ಷಕ್ಕೆ ಶೇ 30, ಐದು ವರ್ಷಕ್ಕೆ ಶೇ 50ರಷ್ಟು ಇಳಿಯುತ್ತದೆ. ಷೋರೂಂ ಬೆಲೆ 10.3 ಲಕ್ಷವಿರುವ ಬೈಕು ತೆರಿಗೆ, ವಿಮೆ ಕೂಡಿ ರಸ್ತೆಗಿಳಿಯುವಾಗ 12.9 ಲಕ್ಷದ ಹತ್ತಿರ ಇರುತ್ತದೆ. ಐದು ವರ್ಷದ ಮೇಲೆ ಷೋರೂಂ ಬೆಲೆಯ ಅರ್ಧಕ್ಕೆ ಮಾರಿದರೆ ಕೈಬಿಟ್ಟು ಹೋದದ್ದು 7.7 ಲಕ್ಷ, ಅಂದರೆ ವರ್ಷಕ್ಕೆ ಒಂದೂವರೆ ಲಕ್ಷ. ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡಿದರೆ, ಪೆಟ್ರೋಲ್ ಹಾಕುವ ಮೊದಲೇ ಪ್ರತಿ ಕಿ.ಮೀ.ಗೆ 30 ರೂಪಾಯಿ ದಾಟುತ್ತದೆ. 15,000 ಕಿ.ಮೀ. ಓಡಿದರೆ 10 ರೂಪಾಯಿಗೆ ಇಳಿಯುತ್ತದೆ. 3 ಲಕ್ಷದ ಬೈಕಿಗೆ ಇದೇ ಲೆಕ್ಕ ಹಾಕಿದರೆ 5,000 ಕಿ.ಮೀ.ಯಲ್ಲೂ 10 ರೂಪಾಯಿಯೊಳಗೆ ಮುಗಿಯುತ್ತದೆ.

ಆದ್ದರಿಂದ ಆಯ್ಕೆಯ ಮೊದಲ ಅಳತೆಗೋಲು ಸಿಸಿಯಲ್ಲ, ವರ್ಷದ ಓಡಾಟ. ವರ್ಷಕ್ಕೆ ಎರಡು ಮೂರು ಸಲ ಗುಜರಾತೋ ಈಶಾನ್ಯ ರಾಜ್ಯಗಳೋ ಎಂದು ಸಾವಿರಾರು ಕಿ.ಮೀ. ಹೋಗುವವರಿಗೆ 800 ಸಿಸಿಯ ಅವಳಿ ಸಿಲಿಂಡರ್ ಬೈಕು ನ್ಯಾಯವಾದ ಖರ್ಚು. ಇಡೀ ದಿನ ಕೂತರೂ ಕೈಗೆ ಜೋಮು ಹಿಡಿಯದ ಎಂಜಿನ್, ಗಾಳಿ ತಡೆಯುವ ಗಾಜು, ಸಾಮಾನು ಹೊತ್ತು ಘಟ್ಟ ಹತ್ತುವ ಶಕ್ತಿ ಅಲ್ಲಿ ದುಡ್ಡಿನ ಬೆಲೆ ತೀರಿಸುತ್ತವೆ. ವಾರಾಂತ್ಯಕ್ಕೆ ಮಡಿಕೇರಿ, ವಯನಾಡು, ಚುಂಚನಕಟ್ಟೆ ಎಂದು ಸುತ್ತುವವರಿಗೆ ಅದು ದುಂದು.

ಎರಡನೆಯ ಅಳತೆಗೋಲು ತೂಕ. ಕೆಟಿಎಂ 390 ಅಡ್ವೆಂಚರ್ ಸುಮಾರು 183 ಕೆ.ಜಿ., ಹಿಮಾಲಯನ್ 196, ವಿ-ಸ್ಟ್ರಾಮ್ 800 ಡಿಇ 230ಕ್ಕೂ ಮೇಲೆ, ಆರ್ 1300 ಜಿಎಸ್ 237. ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ 40 ಕೆ.ಜಿ. ವ್ಯತ್ಯಾಸ ಮಳೆಗಾಲದ ಮಣ್ಣಿನಲ್ಲಿ ಮಾತಾಡುತ್ತದೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮುಂದಿನ ಅಂಗಳದಲ್ಲಿ, ಜುಲೈ ಮಳೆ ನೆನೆಸಿದ ಕೆಮ್ಮಣ್ಣಿನ ಮೇಲೆ ಭಾರಿ ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ, ಸ್ಟ್ಯಾಂಡಿನ ಪಾದ ಮೆಲ್ಲಗೆ ಒಳಗಿಳಿಯುತ್ತದೆ. ಹ್ಯಾಂಡಲ್ ಎಡಕ್ಕೆ ವಾಲುತ್ತದೆ. ಹಿಡಿಯಲು ಓಡಿಬರುವಷ್ಟರಲ್ಲಿ ಗಾಡಿ ಮಲಗಿರುತ್ತದೆ. ಅಂಗೈಯಗಲದ ಹಲಗೆ ತುಂಡೊಂದನ್ನು ಸಾಮಾನಿನ ಚೀಲದಲ್ಲಿಟ್ಟುಕೊಳ್ಳುವುದು ಈ ಸೀಮೆಯ ಸವಾರರು ಕಲಿತ ರೂಢಿ. ಎಚ್.ಡಿ. ಕೋಟೆ, ಸರಗೂರು ಕಡೆಯ ಹತ್ತಿ ಹೊಲಗಳ ಎರೆಮಣ್ಣು ಇನ್ನೂ ಕಷ್ಟದ್ದು. ಟೈರಿನ ಗೀರುಗಳಿಗೆ ಮೆತ್ತಿಕೊಂಡು ಮಡ್‌ಗಾರ್ಡ್‌ನ ಸಂದಿಯಲ್ಲಿ ತುಂಬಿದರೆ ಮುಂದಿನ ಚಕ್ರ ತಿರುಗುವುದೇ ಇಲ್ಲ. ಈ ಅಂಕಣಕಾರ ಹಲವು ಮಳೆಗಾಲ ಇದೇ ದಾರಿಗಳಲ್ಲಿ ಮಧ್ಯಮ ತೂಕದ ಬೈಕು ಓಡಿಸಿ ಕಂಡುಕೊಂಡ ನಿಯಮ ಒಂದೇ: ಮಲಗಿದ ಗಾಡಿಯನ್ನು ಒಬ್ಬರೇ ಎತ್ತಿ ನಿಲ್ಲಿಸಲು ಆಗದಿದ್ದರೆ ಅದು ಆ ಸವಾರರ ಗಾಡಿಯಲ್ಲ. ಷೋರೂಂನ ನುಣುಪು ನೆಲದ ಮೇಲೆ ಕೂತು ನೋಡಿದರೆ ಇದು ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳಿ ನೋಡಬೇಕು. ಸೀಟಿನ ಎತ್ತರವನ್ನೂ ಹೀಗೆಯೇ ಪರೀಕ್ಷಿಸಬೇಕು. ಹಿಮಾಲಯನ್‌ನದು 825 ಮಿ.ಮೀ., ವಿ-ಸ್ಟ್ರಾಮ್‌ನದು 855 ಮಿ.ಮೀ. ಐದೂವರೆ ಅಡಿಯ ಸವಾರರಿಗೆ ಗುಂಡಿಯ ಅಂಚಿನಲ್ಲಿ ಕಾಲೂರುವಾಗ ಆ 30 ಮಿ.ಮೀ. ಬಹಳ ದೊಡ್ಡದು.

ಟೈರಿನ ವಿಷಯ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ಮಣ್ಣುದಾರಿಗೆಂದು ಕಡ್ಡಿ ಚಕ್ರ ಕೊಡುವ ಹಲವು ಮಾದರಿಗಳಲ್ಲಿ ಟ್ಯೂಬ್ ಇರುತ್ತದೆ. ವಿ-ಸ್ಟ್ರಾಮ್ 800 ಡಿಇ, ಟ್ರಾನ್ಸಾಲ್ಪ್ ಅಂಥವು. 2023ರ ಹಿಮಾಲಯನ್ ಕೂಡ ಮೊದಲು ಟ್ಯೂಬಿನೊಂದಿಗೇ ಬಂದು, ಆಮೇಲೆ ಟ್ಯೂಬ್‌ಲೆಸ್ ಕಡ್ಡಿ ಚಕ್ರ ಹೆಚ್ಚುವರಿ ಹಣಕ್ಕೆ ಸಿಕ್ಕಿತು. ಟ್ಯೂಬ್‌ಲೆಸ್ ಪಂಕ್ಚರನ್ನು ರಸ್ತೆಬದಿಯಲ್ಲೇ ಕೆಲವೇ ನಿಮಿಷಗಳಲ್ಲಿ ಮುಚ್ಚಬಹುದು. ಟ್ಯೂಬಾದರೆ 230 ಕೆ.ಜಿ.ಯ ಗಾಡಿಯನ್ನು ಎತ್ತಿ ನಿಲ್ಲಿಸಿ ಹಿಂದಿನ ಚಕ್ರ ಬಿಚ್ಚಬೇಕು. ಬಾವಲಿ ದಾರಿಯಲ್ಲಿ ಅಂತರಸಂತೆ ದಾಟಿದ ಮೇಲೆ ಕಾಡಿನೊಳಗೆ, ಗೇಟು ಮುಚ್ಚುವ ಹೊತ್ತು ಹತ್ತಿರವಾಗುವಾಗ ಅದು ಸಾಮಾನ್ಯ ತೊಂದರೆಯಲ್ಲ. ಟ್ಯೂಬ್‌ಲೆಸ್ ಚಕ್ರಕ್ಕೆ ಕೊಡುವ ಹಣ ಈ ಭಾಗದಲ್ಲಿ ಎಂದೂ ವ್ಯರ್ಥವಲ್ಲ.

ಸಾಲದ ಲೆಕ್ಕ ಈ ನಾಲ್ಕು ತಾಲ್ಲೂಕುಗಳಲ್ಲಿ ನಗರದ ಹಾಗಲ್ಲ. ಸಂಬಳದಾರರಿಗೆ ತಿಂಗಳ ಕಂತು ಹೊಂದುತ್ತದೆ. ಹೊಗೆಸೊಪ್ಪು ಬೆಳೆಯುವ ಮನೆಗೆ ಹಣ ಬರುವುದು ಹರಾಜಿನ ಕಾಲದಲ್ಲಿ, ಸೆಪ್ಟೆಂಬರ್–ಅಕ್ಟೋಬರ್‌ನಿಂದ ಬೇಸಿಗೆಯ ಮೊದಲವರೆಗೆ. ಅದರಲ್ಲೂ ಬೆಳೆಸಾಲದ ಕಡಿತವಾಗಿ ಉಳಿದದ್ದು. ಕೆ.ಆರ್. ನಗರದ ಭತ್ತದ ಮನೆಗಳಿಗೆ ಕಟಾವಿನ ಮೇಲೆ. ಕಂತು ಮಾತ್ರ ಹನ್ನೆರಡು ತಿಂಗಳೂ ಬಾಗಿಲಿಗೆ ಬರುತ್ತದೆ. ಶೇ 10ರ ಬಡ್ಡಿಯಲ್ಲಿ 3 ಲಕ್ಷವನ್ನು ಮೂರು ವರ್ಷಕ್ಕೆ ತೆಗೆದರೆ ಕಂತು 9,680 ರೂಪಾಯಿ, ಒಟ್ಟು ಬಡ್ಡಿ 48,000 ದಾಟುತ್ತದೆ. 10 ಲಕ್ಷವನ್ನು ಐದು ವರ್ಷಕ್ಕೆ ತೆಗೆದರೆ ಕಂತು 21,247, ಬಡ್ಡಿಯೇ ಎರಡೂ ಮುಕ್ಕಾಲು ಲಕ್ಷ. ಹಂಗಾಮಿನ ಆದಾಯದವರು ಹರಾಜು ಮುಗಿದ ಮೇಲೆ ದೊಡ್ಡ ಮುಂಗಡ ಕಟ್ಟಿ, ಉಳಿದದ್ದಕ್ಕಷ್ಟೇ ಸಾಲ ಮಾಡುವುದು ಕ್ಷೇಮ. ಬೈಕು ಸಾಲಗಳು ಬಹುತೇಕ ಸ್ಥಿರ ಬಡ್ಡಿಯವು. ಮುಂದಿನ ಹಂಗಾಮಿನಲ್ಲಿ ಅವಧಿಗೆ ಮುಂಚೆ ತೀರಿಸಿದರೆ ದಂಡ ಎಷ್ಟು ಎಂಬುದನ್ನು ಸಹಿ ಹಾಕುವ ಮುನ್ನ ಬರಹದಲ್ಲಿ ಪಡೆಯಬೇಕು. ಜೂನ್, ಜುಲೈಯಲ್ಲಿ ಗೊಬ್ಬರಕ್ಕೂ ಬ್ಯಾರನ್ ಸೌದೆಗೂ ಹೊಂದಿಸುವ ಹಣದಲ್ಲಿ ಬೈಕಿನ ಕಂತು ಪಾಲು ಕೇಳುವಂತೆ ಆಗಬಾರದು.

ವಿಮೆಯಲ್ಲಿ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 150ರಿಂದ 350 ಸಿಸಿಗೆ 7,365 ರೂಪಾಯಿ, 350 ಮೀರಿದವಕ್ಕೆ 15,117 ರೂಪಾಯಿ, ತೆರಿಗೆ ಬೇರೆ. ಸ್ವಂತ ಹಾನಿಯ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ. ಅಡ್ವೆಂಚರ್ ಬೈಕು ಬಿದ್ದಾಗ ಮೊದಲು ಒಡೆಯುವುದೇ ಅವು, ಆದ್ದರಿಂದ ಝೀರೋ ಡೆಪ್ರಿಸಿಯೇಷನ್ ಸೇರಿಸುವುದು ಲೇಸು. ಹೊರಗಿನಿಂದ ಹಾಕಿಸಿದ ಪೆಟ್ಟಿಗೆ, ಕ್ರ್ಯಾಶ್ ಗಾರ್ಡ್‌ಗಳನ್ನು ಪಾಲಿಸಿಯಲ್ಲಿ ನಮೂದಿಸದಿದ್ದರೆ ಅವುಗಳ ಹಾನಿಗೆ ಪರಿಹಾರವಿಲ್ಲ.

ಕಂಪನಿಯ ಸ್ಥಿರತೆಯೂ ಹಣದ ಪ್ರಶ್ನೆಯೇ. ಬೈಕು ಕಂಪನಿ ಮುಚ್ಚುವುದು ಮೈಸೂರಿಗೆ ಹೊಸದಲ್ಲ. 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಬಳಿಕ ಆ ಗಾಡಿಗಳನ್ನು ಉಳಿಸಿದ್ದು ಈ ಭಾಗದ ಮೆಕ್ಯಾನಿಕ್‌ಗಳು, ಬಿಡಿಭಾಗ ಕೂಡಿಟ್ಟ ಅಂಗಡಿಗಳು. ಎಲೆಕ್ಟ್ರಾನಿಕ್ಸ್ ತುಂಬಿದ ಇಂದಿನ ಬೈಕಿಗೆ ಅಂಥ ಆಸರೆ ಸಿಗದು. 2020ರಲ್ಲಿ ಹಾರ್ಲಿ ಡೇವಿಡ್‌ಸನ್ ಭಾರತದ ಕಾರ್ಖಾನೆ ಮುಚ್ಚಿದಾಗ ಮಾಲೀಕರು ಆತಂಕಪಟ್ಟರು. ಹೀರೋ ಕಂಪನಿ ಮಾರಾಟ, ಸರ್ವಿಸ್ ವಹಿಸಿಕೊಂಡಿತು. 2024ರ ನವೆಂಬರ್‌ನಲ್ಲಿ ಆಸ್ಟ್ರಿಯದ ಕೆಟಿಎಂ ದಿವಾಳಿ ಪ್ರಕ್ರಿಯೆಗೆ ಹೋದರೂ 390 ತಯಾರಾಗುವುದು ಪುಣೆ ಬಳಿಯ ಬಜಾಜ್ ಕಾರ್ಖಾನೆಯಲ್ಲಿ. ಇಲ್ಲೇ ತಯಾರಾಗುವ ಗಾಡಿಯ ಬಿಡಿಭಾಗ ಬೇಗ ಬರುತ್ತದೆ, ಹೊರದೇಶದಿಂದ ಇಡಿಯಾಗಿ ಬರುವ ಗಾಡಿಯ ಒಂದು ಲಿವರ್‌ಗೂ ವಾರಗಟ್ಟಲೆ ಕಾಯಬೇಕಾಗಬಹುದು. ಸರ್ವಿಸ್ ಮೈಸೂರಿನಲ್ಲೇ ಇದೆಯೇ, ಬೆಂಗಳೂರಿಗೆ ಹೋಗಬೇಕೇ ಎಂಬುದೂ ಇದಕ್ಕೆ ಸೇರಿದ ಪ್ರಶ್ನೆ. ಪ್ರತಿ ಸರ್ವಿಸ್‌ಗೂ ಒಂದು ದಿನದ ಕೆಲಸ ಬಿಟ್ಟು ಹೋಗುವುದಾದರೆ ಅದನ್ನೂ ಖರ್ಚಿಗೆ ಬರೆಯಬೇಕು.

ದೊಡ್ಡ ಬೈಕೇ ಬೇಕೆನ್ನುವವರಿಗೆ ಮೂರರಿಂದ ನಾಲ್ಕು ವರ್ಷ ಹಳೆಯ, ಒಬ್ಬರೇ ಮಾಲೀಕರಿದ್ದ ಗಾಡಿ ಜಾಣ ಆಯ್ಕೆ. ತೆರಿಗೆ ಮತ್ತು ಸವಕಳಿಯ ದೊಡ್ಡ ಪಾಲನ್ನು ಮೊದಲಿನವರು ತೀರಿಸಿರುತ್ತಾರೆ. ಬೆಂಗಳೂರಿನ ನೋಂದಣಿಯಾದರೆ ಆಜೀವ ತೆರಿಗೆ ಮತ್ತೆ ಕಟ್ಟಬೇಕಿಲ್ಲ, ಸಂಖ್ಯೆಯೂ ಬದಲಾಗದು. ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವ ವರ್ಗಾವಣೆ, ಹಳೆಯ ಸಾಲವಿದ್ದರೆ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35, ಬೇರೆ ಕಚೇರಿಯ ವ್ಯಾಪ್ತಿಯಿಂದ ಬಂದರೆ ನಮೂನೆ 28ರ ನಿರಾಕ್ಷೇಪಣೆ ಬೇಕು. ಪುದುಚೇರಿ ಅಥವಾ ಕೇರಳ ನೋಂದಣಿಯ ಗಾಡಿ ಅಗ್ಗಕ್ಕೆ ಸಿಕ್ಕರೂ, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳುವುದಾದರೆ ಕರ್ನಾಟಕದ ಹೊಸ ಸಂಖ್ಯೆ ಪಡೆಯಬೇಕು, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತವನ್ನು ಹುಣಸೂರು ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದು, ಕೇಳಿದ ಬೆಲೆಗೆ ಕೂಡಿಸಿದ ಮೇಲೆಯೇ ಚೌಕಾಸಿಗೆ ಕೂರಬೇಕು.