ಸೂತ್ರದಿಂದ ಸಂಕೇತಕ್ಕೆ: ಸಂವಹನ ತಂತ್ರಜ್ಞಾನ ಮತ್ತು ಕನ್ನಡ ವ್ಯಾಕರಣ ಚಿಂತನೆ

ಸಂವಹನ ತಂತ್ರಜ್ಞಾನವು ಜ್ಞಾನವನ್ನು ಸಾಗಿಸುವ ವಾಹಕ ಮಾತ್ರವೆಂಬ ಗ್ರಹಿಕೆ ಸಾಮಾನ್ಯವಾಗಿದೆ. ಕೆನಡಾದ ಚಿಂತಕ ಹೆರಾಲ್ಡ್ ಇನ್ನಿಸ್ ತನ್ನ ‘ಎಂಪೈರ್ ಅಂಡ್ ಕಮ್ಯುನಿಕೇಶನ್ಸ್’ (1950) ಕೃತಿಯಲ್ಲಿ ಇದನ್ನು ಪ್ರಶ್ನಿಸಿದನು. ಕೆಲವು ಮಾಧ್ಯಮಗಳು ಕಾಲವನ್ನೂ ಕೆಲವು ದೂರವನ್ನೂ ಗೆಲ್ಲಲು ನೆರವಾಗುತ್ತವೆ. ಅದಕ್ಕನುಗುಣವಾಗಿ ಸಮಾಜದಲ್ಲಿ ಜ್ಞಾನದ ಅಧಿಕಾರವೂ ಸ್ಥಳಾಂತರಗೊಳ್ಳುತ್ತದೆ ಎಂಬುದು ಆತನ ವಾದದ ಸಾರ. ಕನ್ನಡ ವ್ಯಾಕರಣ ಪರಂಪರೆಯಲ್ಲಿ ಈ ವಾದವನ್ನು ಪರಿಶೀಲಿಸಲು ಕಾಯ್ಕಿಣಿಯನ್ನು ಒಳಗೊಂಡ ಭಟ್ಕಳ ತಾಲ್ಲೂಕು ಸೂಕ್ತ ನಿದರ್ಶನವನ್ನು ಒದಗಿಸುತ್ತದೆ.

ಇದೇ ತಾಲ್ಲೂಕಿನ ಹಾಡುವಳ್ಳಿ ಜೈನಮಠದ ಅಕಲಂಕದೇವನ ಶಿಷ್ಯನಾದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ಕನ್ನಡದ ಲಕ್ಷಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಹೇಳುವ ಗ್ರಂಥವಿದು. ಓಲೆಗರಿಯ ಪ್ರತಿ ವಿರಳವಾಗಿದ್ದ ಕಾಲದಲ್ಲಿ ಶಾಸ್ತ್ರಕ್ಕೆ ಕಂಠವೇ ಮುಖ್ಯ ನೆಲೆ. ಸೂತ್ರದ ಮಿತಾಕ್ಷರತೆ ಅದರ ಫಲ. ಹಿಂದಿನ ಸೂತ್ರದ ಪದ ಮುಂದಿನದಕ್ಕೆ ಅನುವೃತ್ತಿಯಾಗುವುದರಿಂದ ಕ್ರಮವನ್ನು ಅರಿಯದವನಿಗೆ ಬಿಡಿ ಸೂತ್ರ ದಕ್ಕದು. ಕರ್ತೃವೇ ‘ಭಾಷಾಮಂಜರಿ’ ಎಂಬ ವೃತ್ತಿಯನ್ನೂ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವನ್ನೂ ಬರೆದಿರುವುದು ಗಮನಾರ್ಹ. ಇಲ್ಲಿ ಕಲಿಕೆಯೆಂದರೆ ಗುರುಮುಖದಿಂದ ಇಡೀ ವ್ಯವಸ್ಥೆಯನ್ನು ಧರಿಸುವುದು.

ಮುದ್ರಣವು ಈ ಸಂಬಂಧವನ್ನು ಬದಲಿಸಿತು. ಬಿ. ಎಲ್. ರೈಸ್ 1890ರಲ್ಲಿ ಈ ಗ್ರಂಥವನ್ನು ಬೆಂಗಳೂರಿನಿಂದ ಪ್ರಕಟಿಸಿದಾಗ ಮಠದ ಪಾಠ ಅಪರಿಚಿತ ಓದುಗನ ಕೈಸೇರಿತು. ಕೋಶಗಳಲ್ಲಿಯೂ ಇದೇ ಪಲ್ಲಟ ಕಾಣುತ್ತದೆ. ಮಂಗರಾಜನ ನಿಘಂಟು (1398) ಪದ್ಯರೂಪದಲ್ಲಿದ್ದು ಅರ್ಥವರ್ಗಗಳನ್ನು ಅನುಸರಿಸುತ್ತದೆ. ಕಿಟ್ಟೆಲ್ಲರ ನಿಘಂಟು (1894) ಅಕಾರಾದಿಯಲ್ಲಿದೆ. ಮೊದಲನೆಯದನ್ನು ನೆನಪಿಡಬೇಕು, ಎರಡನೆಯದನ್ನು ಬೇಕೆಂದಾಗ ತೆರೆದರೆ ಸಾಕು.

ಗಣಕಯಂತ್ರದಲ್ಲಿ ಪುಟ ತೆರೆಯುವ ಶ್ರಮವೂ ಉಳಿದಿಲ್ಲ. ಆದರೆ ಅಕ್ಷರವೇ ಸಂಕೇತಸಂಖ್ಯೆಯಾಗಿದೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಶೇಷವಾಗಿ ಚರ್ಚಿಸಿದ ‘ೞ’ಕಾರಕ್ಕೆ ಯೂನಿಕೋಡ್ ಮಾನಕದಲ್ಲಿ ‘ಫ಼’ ಎಂಬರ್ಥದ ತಪ್ಪು ಹೆಸರು ದಾಖಲಾಯಿತು. ಒಮ್ಮೆ ನೀಡಿದ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದ್ದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಲಿಪಿಕಾರನ ತಪ್ಪನ್ನು ಪಾಠ ಹೇಳುವ ಗುರು ತಿದ್ದಬಹುದಾಗಿತ್ತು. ಮಾನಕದ ತಪ್ಪು ಭಾಷಿಕರ ಕೈಗೆಟುಕದು.

ಹೀಗೆ ಕನ್ನಡದ ಲಕ್ಷಣವನ್ನು ನಿರ್ಣಯಿಸುವ ಅಧಿಕಾರವು ಮಠದಿಂದ ಮುದ್ರಣಾಲಯಕ್ಕೆ, ಅಲ್ಲಿಂದ ಮಾನಕ ಸಮಿತಿಗೆ ಸರಿದಿದೆ. ಜ್ಞಾನದ ಲಭ್ಯತೆ ವಿಸ್ತರಿಸಿರುವುದು ನಿಸ್ಸಂದೇಹ. ಆದರೆ ಹುಡುಕಿದ ಪದ ದೊರೆತರೂ ಅದನ್ನು ಹಿಡಿದಿಟ್ಟ ವ್ಯವಸ್ಥೆ ದೊರೆಯುವುದಿಲ್ಲ. ಆ ವ್ಯವಸ್ಥೆಯನ್ನು ಅರಿತವರಷ್ಟೇ ಸಂಕೇತದ ದೋಷವನ್ನು ಗುರುತಿಸಬಲ್ಲರು. ವ್ಯಾಕರಣದ ಕ್ರಮಬದ್ಧ ಅಧ್ಯಯನ ಇಂದಿಗೂ ಅಗತ್ಯವಾಗಿರುವುದು ಈ ಕಾರಣಕ್ಕಾಗಿ.